ಇನ್ನಾಸಪ್ಪನವರು ಅಳಿಸದ ಹೆಸರು

ಉಪದೇಶಿ ಇನ್ನಾಸಪ್ಪನವರು ಕುಳಿತುಕೊಂಡು ಬಿಷಪ್ಪರ ಹೆಸರು ಹೇಳಿದ್ದನ್ನು ನಾನು ಕಂಡಿಲ್ಲ. ಬದುಕಿರುವ ಬಿಷಪ್ಪರಾಗಲಿ, ತೀರಿಕೊಂಡವರಾಗಲಿ, ಹೆಸರು ಬಾಯಿಗೆ ಬರುವ ಮೊದಲು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಏಳುತ್ತಿದ್ದರು. ಹೇಳಿ ಮುಗಿಸಿ ಕೂಡುತ್ತಿದ್ದರು. ಮೊಣಕಾಲು ವಾತದ್ದು, ವಯಸ್ಸು ಅರವತ್ತು ದಾಟಿತ್ತು. ಒಮ್ಮೆ ಸ್ಟೇಷನ್ನಿನಿಂದ ಬರುವಾಗ ಟಾಂಗಾದಲ್ಲೇ ಎದ್ದರು. ಇಳಿಯುತ್ತಾರೆಂದು ತಿಳಿದ ಟಾಂಗಾದವನು ಕುದುರೆ ನಿಲ್ಲಿಸಿದ.

"ಉತರಾಯಚ ಕಾ, ಬಾಬಾ?"

"ನಾಹಿ ರೇ, ಚಲ್. ನಮ್ಮ ದೊಡ್ಡ ಸ್ವಾಮಿಗೋಳ ಮಾತು ಬಂತು, ಎದ್ದೆ," ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿ ಕುಳಿತರು. ಟಾಂಗಾದವನು ದಾರಿಯುದ್ದಕ್ಕೂ ಹಿಂತಿರುಗಿ ಹಿಂತಿರುಗಿ ನೋಡಿದ.

ನಾನು ಆಗ ಎಂ.ಎ. ಓದುತ್ತಿದ್ದೆ. ಪ್ರಬಂಧಕ್ಕೆ ಪುಣೆಯ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ಚರಿತ್ರೆಯನ್ನು ಆರಿಸಿಕೊಂಡಿದ್ದೆ. ನಮ್ಮ ಧಾರವಾಡ, ಬೆಳಗಾವಿ ಸೀಮೆಯ ಇಗರ್ಜಿಗಳೂ ಪುಣೆಯ ಬಿಷಪ್ಪರ ಕೈಕೆಳಗೇ ಇದ್ದವು. ಅಲ್ಲಿಯ ಕನ್ನಡ ಕಾಗದಪತ್ರಗಳನ್ನು ಯಾರೂ ತೆರೆದು ನೋಡಿರಲಿಲ್ಲ. ಪುಣೆಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಮಾವ ಮಿಲಿಟರಿ ಆಫೀಸಿನಲ್ಲಿ ಗುಮಾಸ್ತ. ಮಾಮಿಗೆ ನನ್ನ ವಿಷಯ ಹಿಡಿಸಿರಲಿಲ್ಲ.

"ಪರ್ವತಿ ಗುಡಿ ಮೆಟ್ಟಲಾ ಒಂದ್ಸಲಾನೂ ಹತ್ತಿಲ್ಲ, ಇಗರ್ಜಿ ಮೆಟ್ಟಲಾ ಸವಿಸ್ಲಿಕ್ಕೆ ಹತ್ತೀ. ಧಾರವಾಡದಾಗ ನಿಮ್ಮವ್ವ ಕೇಳಿದ್ರ ನಾ ಏನ್ ಹೇಳ್ಲಿ?"

"ಚರಿತ್ರೆ ಓದ್ತಾಳ ಅಂತ ಹೇಳ್ರಿ."

"ಹೇಳ್ತೀನವಾ. ಕೇಳಿದವರು ನಗ್ತಾರ, ಅದನ್ನೂ ಹೇಳ್ತೀನಿ."

ಆದರೂ ಇನ್ನಾಸಪ್ಪನವರ ಮನೆಗೆ ನನ್ನನ್ನು ಕಳಿಸಿದವಳು ಮಾಮಿಯೇ. ಎರಡು ಗಲ್ಲಿ ಆಚೆಗಿದ್ದ ಅವರು ಗದಗಿನ ಕಡೆಯವರು. ಕ್ಯಾಂಪಿನ ಕನ್ನಡ ಕ್ರೈಸ್ತರ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದರು, ಅದಕ್ಕೇ ಉಪದೇಶಿ ಎಂಬ ಹೆಸರು. ನಲವತ್ತು ವರ್ಷಗಳಿಂದ ಇಗರ್ಜಿಯ ಕೆಲಸದಲ್ಲಿದ್ದರು.

ಮೊದಲ ದಿನ ನಾನು ಧರ್ಮಪ್ರಾಂತ್ಯದ ಕಚೇರಿಯಿಂದ ಪಡೆದ ಪುಣೆಯ ಬಿಷಪ್ಪರ ಪಟ್ಟಿಯನ್ನು ತೋರಿಸಿದೆ. ಉದ್ದದ ಪಟ್ಟಿಯಲ್ಲ. ಅವರು ಕನ್ನಡಕ ಏರಿಸಿಕೊಂಡು ನೋಡಿ ಹಿಂದಕ್ಕೆ ಕೊಟ್ಟರು.

"ಇದರಾಗ ಬಂದದ್ದು ಅದ, ಹೋದದ್ದು ಅದ. ಇದ್ದದ್ದು ಎಲ್ಲಿ ಅದ ರೀ, ಬಾಯಾರ?"

ಇದ್ದದ್ದನ್ನು ಹೇಳಲು ಅವರು ಸುಮಾರು ಎಂಟು ತಿಂಗಳು ತೆಗೆದುಕೊಂಡರು. ವಾರಕ್ಕೊಂದು ದಿನ ಸಂಜೆ ಹೋಗುತ್ತಿದ್ದೆ. ಅವರು ಎದ್ದು ಕೂಡುವುದರೊಳಗೆ ನನಗೆ ಬರೆದುಕೊಳ್ಳಲು ಸಾಕಷ್ಟು ಸಮಯ ಸಿಗುತ್ತಿತ್ತು. ಸುಳ್ಳು ಹೇಳುವವರಲ್ಲ. ನೆನಪು ಮಸುಕಾದ ಕಡೆ "ಇದನ್ನ ಬರ್ಕೋಬ್ಯಾಡ್ರಿ, ಇಲ್ಲೆ ನಂಗ ಗ್ಯಾರಂಟಿ ಇಲ್ಲ," ಎನ್ನುತ್ತಿದ್ದರು. ನಮ್ಮ ಪ್ರೊಫೆಸರರ ಬಾಯಲ್ಲಿ ನಾನು ಆ ಮಾತನ್ನು ಕೇಳಿರಲಿಲ್ಲ.

ಬಿಷಪ್ಪರು ಕನ್ನಡ ಸೀಮೆಗೆ ಸಂಚಾರ ಹೊರಟಾಗ ಜನರಿಗೆ ಮಾತನ್ನು ಕನ್ನಡದಲ್ಲಿ ತಿಳಿಸಲು ಇವರನ್ನು ಕರೆದೊಯ್ಯುತ್ತಿದ್ದರು. ಒಮ್ಮೆ ಗದಗಿನ ಹತ್ತಿರದ ಒಂದು ಹಳ್ಳಿಯಲ್ಲಿ ದೃಢೀಕರಣ ಸಂಸ್ಕಾರ. ಅದರಲ್ಲಿ ಬಿಷಪ್ಪರು ಹಣೆಗೆ ತೈಲ ಹಚ್ಚಿ, ಕೊನೆಗೆ ಕೆನ್ನೆಗೆ ಹಗುರಾಗಿ ಒಂದು ಏಟು ಕೊಡುವುದು ವಾಡಿಕೆ. ಒಬ್ಬ ಹುಡುಗಿ ಏಟಿಗೆ ಬೆದರಿ ಅತ್ತಳು. ಹಿಂದೆ ನಿಂತಿದ್ದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳಂತೆ.

"ಯಾಕ ಹೊಡದ್ರಿ ನಮ್ಮ ಕೂಸಿಗೆ? ಏನ್ ತಪ್ಪು ಮಾಡ್ಯಾಳ?"

"ತಪ್ಪಲ್ಲಬೇ ಯಮ್ಮಾ. ನಾಳೆ ಧರ್ಮಕ್ಕಾಗಿ ಏಟು ಬಿದ್ರ ತಾಳ್ಕೋಬೇಕು ಅಂತ ಕಲಸ್ತಾರ," ಎಂದು ಇನ್ನಾಸಪ್ಪನವರು ತಿಳಿಸಿದರು.

"ಅದನ್ನ ಕಲಸ್ಲಿಕ್ಕೆ ಪುಣೆದಿಂದ ಬರಬೇಕೇನು? ಅವರಪ್ಪ ದಿನಾ ಕಲಸ್ತಾನ!"

ಬಿಷಪ್ಪರು ಏನೆಂದು ಕೇಳಿದರು. ಇವರು ಇದ್ದದ್ದನ್ನು ಇದ್ದಂತೆ ಹೇಳಿದರು. ಬಿಷಪ್ಪರು ಗಡ್ಡ ಹಿಡಿದುಕೊಂಡು ನಕ್ಕು, ಮುಂದಿನ ಮಕ್ಕಳಿಗೆ ಬೆರಳು ಸೋಕಿಸಿ ಬಿಟ್ಟರಂತೆ. ಇದನ್ನು ಹೇಳುವಾಗ ಇನ್ನಾಸಪ್ಪನವರು ನಾಲ್ಕು ಸಲ ಎದ್ದಿದ್ದರು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಪುಣೆಯ ಜರ್ಮನ್ ಪಾದ್ರಿಗಳನ್ನು ಬಂಧಿಸಿದ ಕಾಲವನ್ನು ಮಾತ್ರ ಅವರು ಚುಟುಕಾಗಿ ಮುಗಿಸಿದರು. ಇಗರ್ಜಿಗೆ ಬೀಗ ಬೀಳಬಾರದೆಂದು ಭಾನುವಾರ ತಾವೇ ಜನರಿಂದ ಮಣಿ ಎಣಿಸುವ ಜಪಸರದ ಪ್ರಾರ್ಥನೆ ಹೇಳಿಸಿದರಂತೆ. "ಪಾದ್ರಿ ಇಲ್ಲದ ಪೂಜಿ ಆಗೂದಿಲ್ಲ, ಜಪ ಆಗ್ತದ. ಮಾಡಿದ್ವಿ," ಎಂದರು. ನಾನು ಅಷ್ಟನ್ನೇ ಬರೆದುಕೊಂಡೆ.

ಪ್ರಬಂಧ ಮುಗಿಯುತ್ತ ಬಂದಾಗ, ಒಂದು ಸಂಜೆ, ಅವರು ನನ್ನ ಪೆನ್ನು ಕೆಳಗಿಡಿಸಿದರು.

ಪಾದ್ರಿಗಳು ಪೂಜೆಯ ಉಡುಪು ತೊಡುವ ಕೋಣೆಯಲ್ಲಿ ಒಂದು ಸಣ್ಣ ಹಲಗೆ ತೂಗುಹಾಕುವುದುಂಟು. ಅದರ ಮೇಲೆ ಆ ಊರಿನ ಬಿಷಪ್ಪರ ಹೆಸರು. ಪೂಜೆಯ ನಡುವೆ, ಮೆಲ್ಲನೆಯ ದನಿಯಲ್ಲಿ, ಪಾದ್ರಿ ಬದುಕಿರುವ ಬಿಷಪ್ಪರನ್ನು ಹೆಸರು ಹಿಡಿದು ಪ್ರಾರ್ಥಿಸಬೇಕು. ರೈಲು ಬದಲಿಸುವಾಗ ಪುಣೆಯಲ್ಲಿ ತಂಗುವ ಪರಊರಿನ ಪಾದ್ರಿಗಳಿಗೆ ಇಲ್ಲಿಯ ಬಿಷಪ್ಪರು ಯಾರೆಂದು ತಿಳಿದಿರುವುದಿಲ್ಲ. ಅವರು ಹಲಗೆಯನ್ನು ನೋಡಿಕೊಂಡು ಹೋಗುತ್ತಾರೆ. ಬಿಷಪ್ಪರು ತೀರಿಕೊಂಡರೆ ಹೊಸಬರು ಬರುವವರೆಗೆ ಆ ಜಾಗದಲ್ಲಿ ಯಾರ ಹೆಸರನ್ನೂ ಹೇಳುವಂತಿಲ್ಲ. ತೀರಿಕೊಂಡವರ ಆತ್ಮಶಾಂತಿಗಾಗಿ ಅವರನ್ನು ನೆನೆಯುವ ಜಾಗ ಪೂಜೆಯಲ್ಲಿ ಬೇರೆ ಇದೆ.

ಇನ್ನಾಸಪ್ಪನವರು ಇಪ್ಪತ್ತು ದಾಟಿದ ಹೊಸತರಲ್ಲಿ ಆ ಹಲಗೆ ಅವರ ವಶದಲ್ಲಿತ್ತು. ಆಗಿನ ಬಿಷಪ್ಪರು ತೀರಿಕೊಂಡರು. ಹೆಸರು ಒರೆಸಿಬಿಡು ಎಂದು ಪಾದ್ರಿಗಳು ಹೇಳಿದರು. ಇವರು ಒದ್ದೆ ಬಟ್ಟೆ ಹಿಡಿದು ಹೋದರು. ಒರೆಸಲಿಲ್ಲ.

"ಯಾಕ್ರಿ?" ಎಂದೆ.

"ನಂಗ ಅಪ್ಪ ಇಲ್ಲ, ಅವ್ವ ಇಲ್ಲ. ಓದ್ಲಿಕ್ಕೆ ಬರೀಲಿಕ್ಕೆ ಕಲಿಸಿದವರು ಅವರು. ಬೋರ್ಡ್ ಖಾಲಿ ಮಾಡೂದು ನನ್ನ ಕೈಲಿಂದ ಆಗ್ಲಿಲ್ಲ. ಊರಿನ ಪಾದ್ರಿಗಳಿಗೆ ಗೊತ್ತಿತ್ತು, ಅವರು ಬೋರ್ಡ್ ನೋಡ್ತಿರಲಿಲ್ಲ. ಪರಊರಿನವರು ನೋಡಿ ಹೇಳ್ತಿದ್ರು. ನಾ ಹತ್ರ ಮೊಣಕಾಲೂರಿರ್ತಿದ್ದೆ. ಮೆಲ್ಲಕ ಅವರ ಹೆಸರು ಕಿವಿಗೆ ಬೀಳ್ತಿತ್ತು. ಎರಡು ತಿಂಗಳ ಮ್ಯಾಲ ನಡೀತು."

"ಯಾರಿಗೂ ಗೊತ್ತಾಗ್ಲಿಲ್ಲೇನ್ರಿ?"

"ಹೊಸಬರು ಬಂದ್ರು, ಅವರ ಹೆಸರು ಬರದೆ. ಪಾಪನಿವೇದನಿಯೊಳಗ ಹೇಳ್ದೆ. ಮೂರು ಜಪಸರ ಶಿಕ್ಷಾ ಕೊಟ್ರು. ಜಾಲರಿ ಆಚೆ ಆ ಪಾದ್ರಿ ನಕ್ಕಿರಬೇಕು, ನಂಗ ಕಾಣ್ಲಿಲ್ಲ. ಆದ್ರ ಬಾಯಾರ, ಆ ಎರಡು ತಿಂಗಳು ಹಾದಿಮ್ಯಾಲಿನ ಪಾದ್ರಿಗೋಳು ಅವರನ್ನ ಬದುಕಿದವರ ಸಾಲಿನಾಗ ನೆನೆಸಿದ್ರು. ಸತ್ತವರ ಪಾಲಿನ ಪ್ರಾರ್ಥನಿ ಅವರಿಗೆ ಬೇಕಾಗಿತ್ತು. ಅದನ್ನ ನಾ ತಪ್ಪಿಸ್ದೆ. ನನ್ನ ಪ್ರೀತಿ ಅವರಿಗೆ ಏನ್ ಉಪಯೋಗಾತು?"

ಅವರು ಮುಂದುವರಿಸಿದರು.

"ನೀವು ಚರಿತ್ರಿ ಬರೀತೀರಿ. ಆ ಎರಡು ತಿಂಗಳು ಪೀಠ ಖಾಲಿ ಇತ್ತು ಅಂತ ಬರೀರಿ. ಇನ್ನಾಸಪ್ಪ ಹೆಸರು ಒರಸಲಿಲ್ಲ ಅಂತಾನೂ ಬರೀರಿ. ಓದಿದ ಪಾದ್ರಿ ಒಬ್ಬರರೆ ಅವರ ಪಾಲಿನ ಪ್ರಾರ್ಥನಿ ಹೇಳ್ತಾರ. ನಾ ಸಾಯೂದರಾಗ ಇದೊಂದು ಆಗಬೇಕು."

ನೋಡುತ್ತೇನೆ ಎಂದೆ. ಒಂದು ಅಡಿಟಿಪ್ಪಣಿ ಬರೆದೆ. ಪ್ರೊಫೆಸರರು ಅದರ ಅಂಚಿನಲ್ಲಿ ಕೆಂಪು ಗೆರೆ ಎಳೆದು, ಒಬ್ಬ ಮುದುಕನ ನೆನಪಿಗೆ ಬೇರೆ ಆಧಾರವೇನು ಎಂದು ಕೇಳಿದರು. ಆಧಾರವಿರಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ತೆಗೆದುಹಾಕಿದೆ.

ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ಪ್ರಬಂಧದ ಪ್ರತಿ ಹಿಡಿದು ಅವರ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. ಮಗಳು ದಿಂಬು ಏರಿಸಿ ಕೂರಿಸಿದಳು. ಇಂಗ್ಲಿಷಿನಲ್ಲಿ ಹೆಸರು, ಇಸವಿ ಬಿಟ್ಟು ಬೇರೇನೂ ಓದಲು ಬಾರದಿದ್ದರೂ ಹಾಳೆಗಳನ್ನು ಒಂದೊಂದಾಗಿ ತಿರುವಿದರು.

"ನಂದು ಎಲ್ಲಿ ಅದ?"

"ಇಲ್ರಿ. ಬರದಿದ್ದೆ. ಒಬ್ಬರ ಮಾತು ಸಾಲೂದಿಲ್ಲ, ಇನ್ನೊಬ್ಬ ಸಾಕ್ಷಿ ಬೇಕು ಅಂದ್ರು. ತೆಗದೆ."

ಮಗಳು ನನ್ನನ್ನು ದುರುಗುಟ್ಟಿ ನೋಡಿದಳು. "ಅದ ಅಂತ ಒಂದ್ ಮಾತು ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ರಿ, ಅಕ್ಕಾರ?"

"ಸುಮ್ನಿರು," ಎಂದರು ಇನ್ನಾಸಪ್ಪನವರು. "ಬಾಯಾರು ಖರೇ ಹೇಳ್ಯಾರ. ಸುಳ್ಳು ಹೇಳಿದ್ರ ಒಳಗಿಂದೆಲ್ಲಾ ಸುಳ್ಳಾಗ್ತಿತ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಇದು ಇಂಗ್ಲಿಷಿನ ಕಾಯಿದಾ. ಕನ್ನಡದಾಗ ಬರಿಯೂದಕ್ಕೂ ಸಾಕ್ಷಿ ಬೇಕೇನ್ರಿ?"

"ಪರೀಕ್ಷಾಕ್ಕ ಅಲ್ಲದಿದ್ರ ಬ್ಯಾಡ್ರಿ."

"ಹಂಗಾದ್ರ ಕನ್ನಡದಾಗ ಬರೀರಿ."

ಅದು ನಮ್ಮ ಕೊನೆಯ ಭೇಟಿ. ಮಳೆಗಾಲ ಹಿಡಿದ ಮೇಲೆ ತೀರಿಕೊಂಡರು. ನಾನು ಧಾರವಾಡದಲ್ಲಿದ್ದೆ, ಮಾಮಿಯ ಪತ್ರದಿಂದ ತಿಳಿಯಿತು. ಮಾಮಿ ಮಣ್ಣಿಗೆ ಹೋಗಿದ್ದಳಂತೆ, ಸ್ಮಶಾನದ ಗೇಟಿನ ಹೊರಗೆ ನಿಂತಿದ್ದಳಂತೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಬ್ಬ ಬಿಷಪ್ಪರು ತೀರಿಕೊಂಡು ಇನ್ನೊಬ್ಬರು ಬರುವವರೆಗೆ, ಎರಡು ತಿಂಗಳಿಗೂ ಹೆಚ್ಚು ಕಾಲ, ಪುಣೆಯ ಪೀಠ ಖಾಲಿಯಿತ್ತು. ಆಗ ಆ ಊರನ್ನು ಹಾದುಹೋದ ಪಾದ್ರಿಗಳು ತೀರಿಕೊಂಡ ಬಿಷಪ್ಪರನ್ನು ಬದುಕಿದವರೊಂದಿಗೆ ನೆನೆದರು. ಅದು ಅವರ ತಪ್ಪಲ್ಲ. ಹಲಗೆಯ ಮೇಲಿನ ಹೆಸರನ್ನು ಒರೆಸದೆ ಬಿಟ್ಟವರು ಗದಗಿನ ಕಡೆಯ ಉಪದೇಶಿ ಇನ್ನಾಸಪ್ಪನವರು. ಇದಕ್ಕೆ ಅವರ ಮಾತಿನ ಹೊರತು ಬೇರೆ ಆಧಾರವಿಲ್ಲ. ಓದಿದವರಲ್ಲಿ ಪಾದ್ರಿಗಳಿದ್ದರೆ ಆ ಬಿಷಪ್ಪರನ್ನು ತೀರಿಕೊಂಡವರ ಸಾಲಿನಲ್ಲಿ ನೆನೆಯಬೇಕೆಂದು ಕೋರುತ್ತೇನೆ. ಇನ್ನಾಸಪ್ಪನವರನ್ನೂ.