ಕಂಬಳಿಯ ಮೇಲೆ ಆಡಿದ ಮಾತು

ನಮ್ಮ ಮನೆಯವರು ಮೈಸೂರಿನ ಸಭೆಗೆ ಹೋಗದೆ ಹಿಂದೆ ಸರಿದದ್ದು ಯಾಕೆಂದು ಹಿರಿಯೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮನೆಯಲ್ಲಿ ಪ್ಲೇಗಿನ ಇಲಿ ಬಿದ್ದದ್ದನ್ನು ಮುಚ್ಚಿಟ್ಟು, ಬಂದ ಹಿರಿಯರಿಗೆ ಅದೇ ಮನೆಯಲ್ಲಿ ಊಟಕ್ಕಿಟ್ಟ ಮನುಷ್ಯ ಎನ್ನುತ್ತಾರೆ. ಅವರು ತೀರಿಕೊಂಡು ಇಪ್ಪತ್ತು ವರ್ಷವಾದರೂ ಆ ಮಾತು ಸತ್ತಿಲ್ಲ. ಆಡುವವರ ಬಾಯಿಗೆ ಬೀಗ ಹಾಕುವುದಕ್ಕಾಗುವುದಿಲ್ಲ. ನನ್ನ ಬಾಯಿಗೆ ನಾನೇ ಹಾಕಿಕೊಂಡಿದ್ದ ಬೀಗವನ್ನಾದರೂ ಈಗ ತೆಗೆಯುತ್ತೇನೆ. ಆ ಇಲಿಯನ್ನು ಮುಚ್ಚಿಟ್ಟವಳು ನಾನು. ಅವರಿಗೆ ಗೊತ್ತೇ ಇರಲಿಲ್ಲ.

ಅವರದು ಹತ್ತಿ ವ್ಯಾಪಾರ. ದುರ್ಗದಲ್ಲಿದ್ದ ನನ್ನ ತವರಿನವರು ಮದುವೆಯಾಗಿ ಆರು ವರ್ಷವಾದರೂ ಅವರನ್ನು 'ಆ ಹತ್ತಿಯವನು' ಎಂದೇ ಕರೆಯುತ್ತಿದ್ದರು. ಆದರೆ ಮೊದಲ ಸಲ ಊರಿಗೆ ಪ್ಲೇಗು ಬಂದಾಗ ಹಿರಿಯೂರಿನವರನ್ನು ಉಳಿಸಿದ್ದು ಈ ಹತ್ತಿಯವನೇ. ಆಗ ಇಲಿ ಬಿದ್ದರೆ ಜನ ಗುಟ್ಟಾಗಿ ತಿಪ್ಪೆಗೆ ಎಸೆದು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಹೇಳಿದರೆ ಕಚೇರಿಯವರು ಬಂದು ಮನೆ ಖಾಲಿ ಮಾಡಿಸಿ, ಹೆಂಚು ತೆಗೆಸಿ, ಎಲ್ಲರನ್ನೂ ಊರಾಚೆಯ ಗುಡಿಸಲಿಗೆ ಅಟ್ಟುತ್ತಿದ್ದರು. ನಮ್ಮವರು ಸತ್ತ ಇಲಿಯನ್ನು ಮೊರದ ಮೇಲಿಟ್ಟು ಬೀದಿಗೆ ತಂದು ತೋರಿಸಿದರು. "ಇದು ನಮ್ಮನೆಯಾಗೆ ಬಿದ್ದೈತೆ. ನಾವು ಹೊಂಟ್ವಿ. ನೀವೂ ಬರ್ರಿ, ಹೋಗಾಣ," ಎಂದರು. ಜನ ಹಿಂದೆಯೇ ಹೊರಟರು. ಅಂದಿನಿಂದ ಸುತ್ತಲ ಹಳ್ಳಿಯವರು ನಮ್ಮವರು ಬಿಡು ಎಂದರೆ ಊರು ಬಿಡುವರು, ಇರು ಎಂದರೆ ಇರುವರು.

ದಸರೆಯಲ್ಲಿ ಮೈಸೂರಿಗೆ ಹೋಗಿ ಸರ್ಕಾರದ ಮುಂದೆ ತಾಲ್ಲೂಕಿನ ಕಷ್ಟ ಹೇಳುವ ಪ್ರತಿನಿಧಿಯ ಜಾಗಕ್ಕೆ ಅವರ ಹೆಸರು ಎದ್ದದ್ದು ಆ ನಂಬಿಕೆಯಿಂದಲೇ. ಓಟಿನ ಹಕ್ಕಿದ್ದವರು ಬೆರಳೆಣಿಕೆಯ ಜನ. ಕಚೇರಿಯಲ್ಲಿ ಕೈ ಎತ್ತುವುದಕ್ಕೆ ಮೊದಲೇ ಅವರೆಲ್ಲ ಒಂದು ಕಡೆ ಸೇರಿ ಒಂದೇ ಹೆಸರಿಗೆ ಒಪ್ಪುವುದು ವಾಡಿಕೆ. ಅದಕ್ಕೆ ಕರಿಕಂಬಳಿ ಹಾಸಲೇಬೇಕು. ಎಲ್ಲರಿಗಿಂತ ಹಿರಿಯರು ಅದರ ಮೇಲೆ ಕುಳಿತು ಹೇಳಿದ ಮಾತು ಬದಲಾಗುವಂತಿಲ್ಲ. ಗದ್ದಿಗೆಯ ಕಂಬಳಿಯನ್ನು ನೀರಿಗೆ ಹಾಕಬಾರದು, ಕೊಡವಿ ಹಾಸಬೇಕು. ಮಾತು ಮುಗಿದ ಮೇಲೆ ಅದನ್ನು ಮಡಿಸಿ ಆ ಹಿರಿಯರ ಹೆಗಲಿಗೇ ಹಾಕಿ ಕಳಿಸಬೇಕು.

ಆ ವರ್ಷ ಈ ಕೂಟ ನಮ್ಮ ಮನೆಯಲ್ಲೇ ಸೇರುವುದೆಂದಾಯಿತು. ಎದುರಾಳಿ ಹೊಸದುರ್ಗದ ಕಡೆಯಿಂದ ಬಂದು ನೆಲೆಸಿದ್ದ ಸಾಹುಕಾರ. ಅಂದು ನಡೆಯದಿದ್ದರೆ ಮುಂದಿನ ಕೂಟ ಅವನ ಮನೆಯಲ್ಲಿ.

ಬೆಳಿಗ್ಗೆ ಕಂಬಳಿ ತರಲು ಕಣಜದ ಕೋಣೆಗೆ ಹೋದೆ. ಮಡಿಸಿಟ್ಟ ಕಂಬಳಿಗೆ ಒರಗಿಕೊಂಡಂತೆ ಇಲಿ ಬಿದ್ದಿತ್ತು. ಮೈ ಇನ್ನೂ ಮೆತ್ತಗಿತ್ತು. ಅಂಗಳದಲ್ಲಿ ಅವರು ಬಾಳೆಲೆ ತೊಳೆಯುವವರ ಜೊತೆ ನಗುತ್ತಿದ್ದರು. ಕರೆದು ತೋರಿಸಿದ್ದರೆ ಆ ಕ್ಷಣವೇ ಮೊರ ತಂದು ಬೀದಿಗಿಳಿಯುತ್ತಿದ್ದರು. ಆ ಮನುಷ್ಯನ ಗುಣ ನನಗೆ ಗೊತ್ತಿದ್ದುದರಿಂದಲೇ ನಾನು ಕರೆಯಲಿಲ್ಲ. ದುರ್ಗದ ನನ್ನ ತವರಿನವರೆಲ್ಲ ಬಾಯಿ ಬಿಟ್ಟು ನೋಡಲಿ ಎಂಬ ಆಸೆ ನನ್ನನ್ನು ತಿನ್ನುತ್ತಿತ್ತು. ಒಂದೇ ದಿನ, ನಾಳೆ ಹೇಳಿದರಾಯಿತು ಎಂದುಕೊಂಡೆ. ಇಲಿಯನ್ನು ಸೆರಗಿನಲ್ಲಿ ಮುಚ್ಚಿ ಹಿತ್ತಲ ಒಲೆಗೆ ಹಾಕಿದೆ. ನೆಲ ಸಾರಿಸಿದೆ, ಕೈಯನ್ನು ಬೂದಿ ಹಾಕಿ ಮೂರು ಸಲ ತೊಳೆದೆ. ಕಂಬಳಿಯನ್ನು ಮಾತ್ರ ಕೊಡವಿ ತಂದು ಪಡಸಾಲೆಯಲ್ಲಿ ಹಾಸಿದೆ. ಪ್ಲೇಗನ್ನು ಮನುಷ್ಯನಿಗೆ ಹತ್ತಿಸುವುದು ಸತ್ತ ಇಲಿಯ ಮೈಬಿಟ್ಟ ಚಿಗಟ, ಅದು ಉಣ್ಣೆಯಲ್ಲಿ ಸೇರಿ ಕೂರುತ್ತದೆ ಎಂದು ಸೂಜಿ ಚುಚ್ಚಲು ಬಂದ ಡಾಕ್ಟರು ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಐಮಂಗಲದ ಕಡೆಯ ಹಳ್ಳಿಯೊಂದರ ಗೌಡರು ಎಲ್ಲರಿಗಿಂತ ಹಿರಿಯರು. ಕಂಬಳಿಯ ಮೇಲೆ ಅವರೇ ಕುಳಿತರು. ಊಟವಾದ ಮೇಲೆ ಮೀಸೆ ಒರೆಸಿಕೊಂಡು, "ಇವನ್ನ ಕಳ್ಸಾಣ. ಇಲಿ ಕಂಡ್ರೆ ಇಲಿ ಅನ್ನೋನು ಇವನೊಬ್ನೇ," ಎಂದರು. ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಗೌಡರು ಮಾತಿನ ನಡುವೆ ಎರಡು ಸಲ ಮೀನಖಂಡ ಕೆರೆದುಕೊಂಡದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆಗ ಅದು ಏನೂ ಅನ್ನಿಸಲಿಲ್ಲ. ಹೊರಡುವಾಗ ಕಂಬಳಿ ಮಡಿಸಿ ಅವರ ಹೆಗಲಿಗೆ ಹಾಕಿದರು.

ನಾಳೆ ಹೇಳುತ್ತೇನೆಂದವಳು ನಾಳೆ ಹೇಳಲಿಲ್ಲ. ಮನೆಯಲ್ಲಿ ಮತ್ತೆ ಇಲಿ ಬೀಳಲಿಲ್ಲವಲ್ಲ ಎಂಬ ಧೈರ್ಯ. ಆದರೂ ದಿನಕ್ಕೆ ಹತ್ತು ಸಲ ಕಣಜದ ಹಿಂದೆ ಬಗ್ಗಿ ನೋಡುತ್ತಿದ್ದೆ. ಮಾಡಿನ ಮೇಲೆ ರಾತ್ರಿಯಿಡೀ ಓಡಾಡುತ್ತಿದ್ದ ಇಲಿಗಳ ಸದ್ದು ನಿಂತುಹೋಗಿತ್ತು. "ಬೆಕ್ಕು ಚುರುಕಾಗೈತೆ," ಎಂದರು ನಮ್ಮವರು. ನಾನು ಹೂಂ ಎಂದೆ.

ಏಳನೆಯ ದಿನ ಮಧ್ಯಾಹ್ನ ಗೌಡರ ಮಗ ಬಂದ. ಹೆಗಲ ಮೇಲೆ ಅದೇ ಕಂಬಳಿ. ಜಗಲಿಯ ಮೇಲೆ ಕೂರಲೂ ಇಲ್ಲ.

"ಅಪ್ಪ ಹೋದ," ಎಂದ. "ತೊಡೆಸಂದೀಲಿ ಗಡ್ಡೆ ಎದ್ದಿತ್ತು. ನಮ್ಮೂರಾಗೆ ಒಂದಿಲೀನೂ ಬಿದ್ದಿಲ್ಲ. ಹಿರಿಯೂರಿಗೆ ಬಂದಿದ್ದು ಬಿಟ್ರೆ ಅಪ್ಪ ಎಲ್ಲೂ ಹೋಗಿಲ್ಲ. ಊರು ಬಿಡ್ಬೇಕೋ ಬ್ಯಾಡ್ವೋ, ನಿಮ್ಮನ್ನ ಕೇಳ್ಕಂಡು ಬಾ ಅಂತ ಕಳ್ಸ್ಯಾರೆ."

ನಾನು ತಂದಿದ್ದ ಮಜ್ಜಿಗೆ ಅರ್ಧ ಚೆಲ್ಲಿತು. ನಮ್ಮವರು ಚೆಲ್ಲಿದ ಮಜ್ಜಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಒಳಗೆ ಬಂದು ಮೆಲ್ಲಗೆ ಕೇಳಿದರು, "ಬಿದ್ದಿತ್ತಾ?" ತಲೆಯಾಡಿಸಿದೆ. "ಯಾವತ್ತು?" "ಅವತ್ತೇ, ಬೆಳಿಗ್ಗೆ." ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿರುಗಿ ಹೊರಗೆ ಹೋದರು.

"ಇಲಿ ನಮ್ಮನೆಯಾಗೆ ಬಿದ್ದಿತ್ತು. ಮುಚ್ಚಿಟ್ಟಿದ್ದು ನಾನು," ಎಂದರು. "ನನ್ನ ಹೆಸರು ಇವತ್ತೇ ವಾಪಸ್ ತಗಂತೀನಿ, ಅದು ಹಾಳಾಗಿ ಹೋಗ್ಲಿ. ನೀವು ಮಾತ್ರ ಈಗಿಂದೀಗ್ಲೇ ಊರು ಬಿಡ್ರಿ. ಒಂದಿನಾನೂ ತಡ ಮಾಡ್ಬ್ಯಾಡ್ರಿ."

ಹುಡುಗ ಕಂಬಳಿಯನ್ನು ಹೆಗಲಿಗೆ ಸರಿಮಾಡಿಕೊಂಡ.

"ಬಿಡ್ತಿದ್ವಿ. ನಿನ್ನೆ ಹೇಳಿದ್ರೂ ಬಿಡ್ತಿದ್ವಿ," ಎಂದ. "ನೀವೇ ಮುಚ್ಚಿಟ್ಟಿದ್ರಿ ಅಂದ್ಮ್ಯಾಲೆ ಈಗ ಹೋಗಿ ಊರೋರಿಗೆ ಏನಂತ ಹೇಳ್ಲಿ? ಯಾರ ಮಾತಿನ ಮ್ಯಾಲೆ ಬಿಡ್ರಿ ಅನ್ಲಿ?"

ನಾನು ಬಾಗಿಲ ಹಿಂದೆಯೇ ಇದ್ದೆ. ಎರಡು ಹೆಜ್ಜೆ ಮುಂದೆ ಬಂದು, ಅವರಿಗೆ ತಿಳಿಯದು, ಮಾಡಿದವಳು ನಾನು ಎಂದಿದ್ದರೆ ಅವರ ಮಾತು ಮೊದಲಿನಂತೆಯೇ ಉಳಿಯುತ್ತಿತ್ತು. ಹುಡುಗ ಆ ಮಾತನ್ನೇ ಊರಿಗೆ ಹೊತ್ತೊಯ್ಯಬಹುದಿತ್ತು. ಹೊಸ್ತಿಲ ತನಕ ಬಂದ ಕಾಲು ಅಲ್ಲೇ ನಿಂತಿತು. ಹುಡುಗ ಕಂಬಳಿ ಹೊದ್ದು ಐಮಂಗಲದ ದಾರಿ ಹಿಡಿದ.

ಅವನ ಹಳ್ಳಿಯವರು ಊರು ಬಿಡಲಿಲ್ಲ.