ದಕ್ಷಿಣದ ಗೋಡೆ ಮುಚ್ಚಿದ ಪಾಸ್ಕಲ್

ಲೋಲಾಕ್ಷಿ ಟೀಚರು ಪಾಸ್ಕಲರನ್ನು ಮೊದಲು ಕಂಡದ್ದು ೧೯೮೭ರ ನವೆಂಬರಿನಲ್ಲಿ, ಕೊಲ್ಲಿ ನಾಡಿನ ಅಲ್ ಖೌದಿನಲ್ಲಿ ಹೊಸ ಶಾಲೆ ಏಳುತ್ತಿದ್ದ ಜಾಗದಲ್ಲಿ. ಪಾಸ್ಕಲರು ಕಂಟ್ರಾಕ್ಟರನ ಪಿಕಪ್ಪಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಟೀಚರಿಗೆ ಅದೇ ಸರಿಬರಲಿಲ್ಲ.

ಪಾಸ್ಕಲ್ ಮಂಗಳೂರಿನವರು. ಖುರುಮ್‌ನ ಒಂದು ಸ್ಕಾಟಿಷ್ ಕಂಪೆನಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಶಾಲೆ ಎಂದರೆ ಆ ಕಂಪೆನಿಯವರು ತಮ್ಮೂರಿನ ವಾಸ್ತುಶಿಲ್ಪಿಯೊಬ್ಬ ನೂರು ವರ್ಷಗಳ ಹಿಂದೆ ಮಾಡಿದ ಮಾದರಿಯನ್ನೇ ಮುಂದಿಡುತ್ತಿದ್ದರು: ದಕ್ಷಿಣಕ್ಕೆ ಎಂಟು ದೊಡ್ಡ ಕಿಟಕಿ. ಈ ಶಾಲೆಗೆ ಕಟ್ಟಡ ಸಮಿತಿ ಒಪ್ಪಿದ್ದೂ ಅದನ್ನೇ. ಈಗ ದಕ್ಷಿಣದ ಗೋಡೆ ಬೋಳಾಗಿ ಎದ್ದಿತ್ತು. ಕಂಪೆನಿಯ ದೊರೆ ರಜೆಯಲ್ಲಿದ್ದಾಗ ಪಾಸ್ಕಲರೇ ನಕ್ಷೆ ತಿದ್ದಿದ್ದರಂತೆ.

"ಎಂಟು ಕಿಟಕಿ ನುಂಗಿದ್ದಾನೆ, ಟೀಚರೇ! ಕಂಟ್ರಾಕ್ಟರ್ ಸುಮ್ನೆ ಚಾ ಕೊಡ್ತಾನಾ?" ಎಂದರು ಸಮಿತಿಯಲ್ಲಿದ್ದ ಬಟ್ಟೆ ವ್ಯಾಪಾರಿ ಬಾವ. "ನೀವು ಅಧ್ಯಕ್ಷರು, ಈ ದೂರಿಗೆ ಒಂದು ಸೈನ್ ಹಾಕಿ. ವೀಸಾ ಕೊಟ್ಟ ಕಫೀಲ್ ಕೈಗೆ ಈ ಕಾಗದ ಹೋದ್ರೆ ಖಲಾಸ್, ಇವ ಊರಲ್ಲಿ!"

ಟೀಚರು ದೂರನ್ನು ಚೀಲದಲ್ಲಿಟ್ಟುಕೊಂಡರು. ಸಹಿ ಹಾಕುವ ಮೊದಲು ಕಳ್ಳನನ್ನು ಕಣ್ಣಾರೆ ಹಿಡಿಯಬೇಕೆಂಬ ಹಟ ಅವರದು.

ಮರುವಾರ ಬಾಡಿಗೆ ಮನೆಯಲ್ಲಿದ್ದ ಹಳೆಯ ಶಾಲೆಯಲ್ಲಿ, ಮೂರನೆಯ ತರಗತಿಗೆ ಇಣುಕುತ್ತಿದ್ದ ಪಾಸ್ಕಲರು ಟೀಚರ ಕೈಗೆ ಸಿಕ್ಕಿಬಿದ್ದರು.

"ಇಲ್ಲೆಂತ ಕೆಲಸ ನಿಮಗೆ?"

"ಮಕ್ಕಳು ಹೇಗೆ ಕೂತ್ಕೊಳ್ತಾರೆ ಅಂತ ನೋಡ್ಲಿಕ್ಕೆ."

"ಅದಕ್ಕೆ ನಾನಿದ್ದೇನೆ. ಕಂಟ್ರಾಕ್ಟರನಿಂದ ಎಷ್ಟು ಸಿಕ್ಕಿತು?"

ಪಾಸ್ಕಲರ ಮುಖ ಕೆಂಪಾಯಿತು. "ಒಂದು ಚಾ ಸಿಕ್ಕಿತು, ಟೀಚರ್. ಸಕ್ಕರೆ ಸಹ ಇರ್ಲಿಲ್ಲ. ನೀವೊಮ್ಮೆ ಆ ಕಿಟಕಿ ಹತ್ರ ಕೂತು ಬರೀರಿ, ನೋಡುವ."

ಸುಳ್ಳನ್ನು ಬಯಲು ಮಾಡಲೆಂದೇ ಟೀಚರು ಬೆಂಚಿನಲ್ಲಿ ಕುಳಿತರು. ದಕ್ಷಿಣದ ಬಿಸಿಲು ನೇರ ಪುಟಕ್ಕೆ ಬಡಿದು, ಬರೆದ ಅಕ್ಷರ ಅವರಿಗೇ ಕಾಣಲಿಲ್ಲ. ಎಡಗೈ ತಾನಾಗಿಯೇ ಪುಸ್ತಕಕ್ಕೆ ಅಡ್ಡ ಬಂತು. ಆ ಸಾಲಿನ ಮಕ್ಕಳು ಹೀಗೆ ಕೈ ಅಡ್ಡ ಹಿಡಿದಾಗಲೆಲ್ಲ, ಉತ್ತರ ಅಡಗಿಸುತ್ತಾರೆಂದು ಅವರು ಗದರಿಸಿದ್ದರು.

"ಆ ಮಾದರಿ ಮಾಡಿದ ಮುದುಕ ತನ್ನ ಚಳಿ ದೇಶಕ್ಕೆ ಸರಿಯಾಗಿಯೇ ಬಿಡಿಸಿದ್ದ," ಎಂದರು ಪಾಸ್ಕಲ್. "ಇಲ್ಲಿ ಕಿಟಕಿ ಉತ್ತರಕ್ಕೆ ಬೇಕು. ದೊರೆಗೆ ಹೇಳಿದೆ. ಡ್ರಾಫ್ಟ್ಸ್‌ಮನ್ ಯೋಚನೆ ಮಾಡ್ಬಾರದಂತೆ. ಅವ್ರು ರಜೆಗೆ ಹೋದಾಗ ಎಂಟನ್ನೂ ಉತ್ತರಕ್ಕೆ ಹಾಕಿದೆ."

ಆದರೂ ಟೀಚರು ದೂರನ್ನು ಹರಿಯಲಿಲ್ಲ. ಉತ್ತರದ ಗೋಡೆ ಏಳುವವರೆಗೆ ದಿನವೂ ಹೋಗಿ ನೋಡಿದರು. ಎಂಟನೆಯ ಕಿಟಕಿಯ ಚೌಕಟ್ಟು ಕೂತ ದಿನ ದೂರನ್ನು ಹರಿದು, ನಕ್ಷೆ ತಿದ್ದಿದ್ದಕ್ಕೆ ಸಮಿತಿಯ ಒಪ್ಪಿಗೆಯಿದೆಯೆಂದು ಕಂಪೆನಿಗೆ ಬರೆದು ಸಹಿ ಹಾಕಿದರು. ಬಾವ ಎರಡು ತಿಂಗಳು ಅವರೊಡನೆ ಮಾತು ಬಿಟ್ಟರು.

ಪಾಸ್ಕಲರ ಕೆಲಸ ಉಳಿಯಿತು. ಈಗ, ೧೯೯೬ರಲ್ಲಿ, ಅವರು ಅಲ್ ಅಜೈಬಾದ ಒಂದು ಸಣ್ಣ ಕಚೇರಿಯಲ್ಲಿದ್ದಾರೆ; ಒಂದನೆಯ ತರಗತಿಯ ಮಕ್ಕಳಿಗೆ ಎಟಕುವಂತೆ ಕುಡಿಯುವ ನೀರಿನ ನಲ್ಲಿಗಳ ನಕ್ಷೆ ಬಿಡಿಸುತ್ತಿದ್ದಾರೆ.