ಬ್ರಷ್ಷು ಖಾಲಿ ಮಾಡಿದ ಬುಟ್ಟಿ

ಅಪ್ಪ ಅಮ್ಮ ಅವನಿಗೊಂದು ಹೆಸರು ಇಟ್ಟೇ ಇರುತ್ತಾರೆ, ಆದರೆ ಅದು ಯಾರಿಗೆ ನೆನಪಿದೆ! ಅಂಗಿಯ ಜೇಬಿನಲ್ಲಿ ಸದಾ ಒಂದು ಪೇಂಟ್ ಬ್ರಷ್ ಸಿಕ್ಕಿಸಿಕೊಂಡು ತಿರುಗುತ್ತಿದ್ದುದರಿಂದ ಊರಿಗೆಲ್ಲ ಅವನು ಬ್ರಷ್ಷು. ಕಂಪ್ಯೂಟರ್ ಕೆಟ್ಟ ಮೇಲೆ ರಿಪೇರಿ ಮಾಡುವವರು ಬೀದಿಗೊಬ್ಬರು ಸಿಗುತ್ತಾರೆ. ಇವನ ದಾರಿಯೇ ಬೇರೆ. ಕೆಡುವ ಮೊದಲೇ ಮನೆಮನೆಗೆ ಹೋಗಿ, ಡಬ್ಬ ಬಿಚ್ಚಿ, ಫ್ಯಾನಿನ ರೆಕ್ಕೆಗೆ ಮೆತ್ತಿದ ಧೂಳು ಕೆರೆದು, ಬೇಡದ ಪ್ರೋಗ್ರಾಂ ಕಿತ್ತುಹಾಕಿ, ಅಳಿಸಿದ ಫೈಲು ಬೀಳುವ ಕಸದ ಬುಟ್ಟಿ ಖಾಲಿ ಮಾಡಿ, ಕೊನೆಗೆ ಡಿಸ್ಕಿನಲ್ಲಿ ಚೆಲ್ಲಾಪಿಲ್ಲಿ ಬಿದ್ದದ್ದನ್ನೆಲ್ಲ ಸಾಲಾಗಿ ಜೋಡಿಸಿ ಬರುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. "ಕಂಪ್ಯೂಟರ್ರೂ ಹಲ್ಲಿದ್ದ ಹಾಗೇ ಕಣ್ರೀ. ದಿನಾ ಉಜ್ಜಿದ್ರೆ ಕೀಳೋ ಪ್ರಮೇಯವೇ ಬರಲ್ಲ" ಅನ್ನುತ್ತಿದ್ದ. ಒಂದು ಹೆಜ್ಜೆಯನ್ನೂ ಬಿಟ್ಟವನಲ್ಲ. ಅದೇ ಅವನಿಗೆ ಮುಳುವಾಯಿತು ನೋಡಿ.

ಆ ಮನೆ ಮೂರನೇ ಮಹಡಿಯಲ್ಲಿತ್ತು. ಗಂಡ ಹೆಂಡತಿ ಇಬ್ಬರೂ ಒಂದೇ ಅಚ್ಚುಕೂಟದಲ್ಲಿ ದುಡಿದವರು. ಗಂಡ ಕರಡು ತಿದ್ದುವವರು, ಹೆಂಡತಿ ಟೈಪಿಸ್ಟು. ಈಗ ಗಂಡನಿಗೆ ಮರೆವಿನ ಕಾಯಿಲೆ. ಕಾಯಿಲೆ ಶುರುವಾದ ವರ್ಷ, ಇನ್ನೂ ಬುದ್ಧಿ ನೆಟ್ಟಗಿರುವಾಗಲೇ, "ನಾನು ಹೇಳ್ತೀನಿ, ನೀನು ಬಡಿ" ಎಂದು ಹೆಂಡತಿಯನ್ನು ಕೂರಿಸಿಕೊಂಡು ತಮ್ಮ ಬದುಕನ್ನೆಲ್ಲ ಹೇಳಿ ಟೈಪ್ ಮಾಡಿಸಿದ್ದರು. ನೂರ ನಲವತ್ತಮೂರು ಪುಟ. ಈಗ ದಿನದಲ್ಲಿ ಯಾವಾಗಲೋ ಒಂದು ಕಾಲು ಗಂಟೆ ಅವರ ತಲೆ ತಿಳಿಯಾಗುತ್ತಿತ್ತು. ಆಗ ಒಂದು ಪುಟ ತೆರೆದು ತೋರಿಸಿದರೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲನ್ನು ತೆಗೆದು ತೆರೆಯ ಮೇಲೆ ಸಾಲು ಸಾಲಾಗಿ ಓಡಿಸುತ್ತ ಓದುತ್ತಿದ್ದರು. ಪುಟ ಮುಗಿಯುವಷ್ಟರಲ್ಲಿ ಹೆಂಡತಿಯ ಕಡೆ ತಿರುಗಿ, "ಏನೇ, ಎಷ್ಟು ತಪ್ಪು ಬಡಿದಿದ್ದೀಯೇ!" ಎಂದು ಬೈಯುತ್ತಿದ್ದರು. ಆ ಒಂದು 'ಏನೇ' ಕೇಳುವುದಕ್ಕಾಗಿಯೇ ಆಕೆ ಜೀವ ಹಿಡಿದುಕೊಂಡಿದ್ದರು. ಉಳಿದ ಹೊತ್ತೆಲ್ಲ ಆಕೆ ಗಂಡನಿಗೆ ಯಾರೋ ಹೊರಗಿನವರು.

ಕೊನೆಗೆ ಕಂಪ್ಯೂಟರೇ ಕೈ ಕೊಟ್ಟಿತು. ಎದ್ದೇಳಲು ಇಪ್ಪತ್ತು ನಿಮಿಷ ಬೇಕು. ಮೊದಲೇ ಆನ್ ಮಾಡಿಟ್ಟರೆ ಬಿಸಿಯೇರಿ ತಾನಾಗಿಯೇ ಆರಿಹೋಗುತ್ತಿತ್ತು. ಪುಟ ಬರುವ ಹೊತ್ತಿಗೆ ಅವರ ಗಮನ ಎಲ್ಲೋ ಹಾರಿ, "ಯಾರಮ್ಮಾ ನೀವು?" ಎಂದು ಕೇಳಿಬಿಡುತ್ತಿದ್ದರು. ಹನ್ನೊಂದು ದಿನ ಹೀಗೇ ಆದ ಮೇಲೆ ಆಕೆ ಬ್ರಷ್ಷನ್ನು ಕರೆಸಿದರು.

"ತಮ್ಮಾ, ಇದು ಬೇಗ ಏಳೋ ಹಾಗೆ ಮಾಡಿಕೊಡಪ್ಪಾ. ನನಗೆ ಇನ್ನೇನೂ ಬೇಡ."

"ಕುದುರೆ ಓಡಿದಂಗೆ ಓಡುತ್ತೆ, ಯೋಚನೆ ಬಿಡಿ ಅಕ್ಕಾ" ಎಂದ ಬ್ರಷ್ಷು.

ಡಬ್ಬ ಬಿಚ್ಚಿದರೆ ಒಳಗೆ ಹಳೇ ಹಾಸಿಗೆ ಹರಿದಷ್ಟು ಧೂಳು. ಒಂದು ಗಂಟೆ ಕೆರೆದ. ಬೇಡದ್ದನ್ನು ಕಿತ್ತ. ಆಮೇಲೆ ಕಸದ ಬುಟ್ಟಿ ತೆರೆದು ನೋಡಿದರೆ ನೂರ ನಲವತ್ತಮೂರು ಫೈಲು! "ಅಬ್ಬಬ್ಬಾ, ಕಸಾನೂ ಕೂಡಿಡ್ತಾರಲ್ಲಪ್ಪ ಇವರು" ಎಂದು ಒಬ್ಬನೇ ನಕ್ಕ. ಎಲ್ಲ ಮನೆಯಲ್ಲೂ ಒಂದು ಮಾತು ಕೇಳಿಯೇ ಖಾಲಿ ಮಾಡುವವನು. ಆ ದಿನ ಅಕ್ಕ ಬಚ್ಚಲಲ್ಲಿ ಗಂಡನಿಗೆ ಸ್ನಾನ ಮಾಡಿಸುತ್ತಿದ್ದರು. ಅಷ್ಟು ದೂರಕ್ಕೆ ಕೂಗುವುದೇಕೆ, ಕಸದ ಬುಟ್ಟಿಯಲ್ಲಿ ಯಾರಾದರೂ ಬಂಗಾರ ಇಡುತ್ತಾರೆಯೇ ಎಂದುಕೊಂಡು ಖಾಲಿ ಮಾಡಿದ. ಆಮೇಲೆ ಡಿಸ್ಕನ್ನು ಜೋಡಿಸಲು ಹಚ್ಚಿ ಎರಡೂವರೆ ಗಂಟೆ ಕಾದ. ಅಕ್ಕ ಎರಡು ಸಲ ಟೀ ಕೊಟ್ಟರು.

ಮತ್ತೆ ಆನ್ ಮಾಡಿದಾಗ ನಲವತ್ತು ಸೆಕೆಂಡಿಗೆ ಎದ್ದು ನಿಂತಿತು. ಅಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಕುರ್ಚಿ ಎಳೆದುಕೊಂಡು, ನೇರವಾಗಿ ಬುಟ್ಟಿಯನ್ನೇ ತೆರೆದರು.

"ತಮ್ಮಾ, ಇದರಲ್ಲಿದ್ದ ಹಾಳೆ ಎಲ್ಲಿ?"

"ಖಾಲಿ ಮಾಡ್ದೆ ಅಕ್ಕಾ. ಕಸ ಅಲ್ವಾ ಅದು..."

"ಕಸ ಅಲ್ಲಪ್ಪ. ಸಹಿ ಆಗಿರಲಿಲ್ಲ. ಅದಕ್ಕೇ ಬುಟ್ಟೀಲಿಟ್ಟಿದ್ದೆ."

ಅವರ ಅಚ್ಚುಕೂಟದ ಕಟ್ಟಳೆ ಅದು. ತಿದ್ದುವವರ ಸಹಿ ಬೀಳದ ಹಾಳೆ ಬೀರುವಿಗೂ ಹೋಗಬಾರದು, ಅಚ್ಚಿಗೂ ಹೋಗಬಾರದು; ಮೇಜಿನ ಕೆಳಗಿನ ಬುಟ್ಟಿಯಲ್ಲೇ ಇರಬೇಕು. ಆ ಬುಟ್ಟಿಗೆ ಕಸ ಗುಡಿಸುವವರೂ ಕೈ ಹಾಕುತ್ತಿರಲಿಲ್ಲ. ಮೂವತ್ತು ವರ್ಷ ಹಾಗೆ ಕೆಲಸ ಮಾಡಿದ ಕೈ ಅದು. ಗಂಡ ಪೂರ್ತಿ ಓದಿ ಸಹಿ ಹಾಕುವ ಮೊದಲೇ ಕಾಯಿಲೆ ಹೆಚ್ಚಾಯಿತು. ಹೀಗಾಗಿ ಆಕೆ ಪ್ರಿಂಟೂ ತೆಗೆದಿರಲಿಲ್ಲ. ದಿನಕ್ಕೊಂದು ಪುಟವನ್ನು ಬುಟ್ಟಿಯಿಂದ ಹೊರಗೆ ತೆಗೆಯುವುದು, ಓದಿಸುವುದು, ಮತ್ತೆ ಬುಟ್ಟಿಗೇ ಹಾಕುವುದು.

ಅಕ್ಕ ಬೈಯಲಿಲ್ಲ. ಕೆನ್ನೆಗೆ ಎರಡು ಬಿಗಿದಿದ್ದರೂ ಬ್ರಷ್ಷಿಗೆ ಸಮಾಧಾನವಾಗುತ್ತಿತ್ತು. ಆಕೆ ಆ ಖಾಲಿ ಬುಟ್ಟಿಯನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡುತ್ತಿದ್ದರು.

ಡಿಸ್ಕ್ ಕಿತ್ತುಕೊಂಡು ತನ್ನ ಅಂಗಡಿಗೆ ಓಡಿದ. ಓಡುವಾಗಲೇ ಗೊತ್ತಿತ್ತು ಅವನಿಗೆ. ಬುಟ್ಟಿ ಖಾಲಿ ಮಾಡಿದ ಮಾತ್ರಕ್ಕೆ ಏನೂ ಅಳಿಸಿಹೋಗುವುದಿಲ್ಲ, ಆ ಜಾಗ ತೆರವಾಗಿದೆ ಎಂದು ಕಂಪ್ಯೂಟರ್ ಬರೆದುಕೊಳ್ಳುತ್ತದೆ ಅಷ್ಟೇ, ಹುಡುಕಿದರೆ ಸಿಗುತ್ತದೆ. ಆದರೆ ಎರಡೂವರೆ ಗಂಟೆ ಕೂತು ಬೇರೆಯದನ್ನೆಲ್ಲ ಎಳೆದು ತಂದು ಆ ಜಾಗದ ಮೇಲೆ ಜೋಡಿಸಿದವನು ಇವನೇ ತಾನೇ! ಸೋಮಾರಿಯಾಗಿದ್ದಿದ್ದರೆ ಎಲ್ಲವೂ ಉಳಿಯುತ್ತಿತ್ತು. ಅರ್ಧ ಕೆಲಸ ಮಾಡಿ ಜಾರಿಕೊಳ್ಳುವ ಕೆಲಸಗಳ್ಳರನ್ನು ಇಷ್ಟು ವರ್ಷ ಬೈದವನಿಗೆ ಆ ದಿನ ತಾನೂ ಅಂಥವನಾಗಿರಬಾರದಿತ್ತೇ ಅನಿಸಿತು.

ಕೆಲಸ ಕಲಿಸಿದ ಮೇಷ್ಟ್ರಿಗೆ ಫೋನ್ ಮಾಡಿದ.

"ಖಾಲಿ ಮಾಡಿದ ಮೇಲೆ ಜೋಡಿಸಿದ್ಯೇನೋ?"

"ಜೋಡಿಸ್ದೆ, ಮೇಷ್ಟ್ರೇ."

"ಹಾಗಾದ್ರೆ ಆಸೆ ಬಿಟ್ಬಿಡಪ್ಪಾ."

ಬಿಡಲಿಲ್ಲ. ಮೂರು ಬೇರೆ ಬೇರೆ ಪ್ರೋಗ್ರಾಂ ಹಾಕಿ ಹುಡುಕಿದ. ಎಲ್ಲೋ ಎರಡು ಪದ, ಎಲ್ಲೋ ಅರ್ಧ ಸಾಲು, ಉಳಿದದ್ದೆಲ್ಲ ಚೌಕ ಚೌಕ ಗುರುತು. ದೇವರನ್ನು ನೆನೆದವನೇ ಅಲ್ಲ, ಅಂಥವನು "ಒಂದು ಪುಟ, ಒಂದೇ ಒಂದು ಪುಟ ಕೊಡಪ್ಪಾ" ಎಂದು ತೆರೆಗೆ ಕೈ ಮುಗಿದ. ಕೊನೆಗೆ ಸಿಕ್ಕಿದ್ದು ಒಂದು ಪುಟದ ಮೇಲರ್ಧ. ನೂರ ನಲವತ್ತಮೂರಕ್ಕೆ ಅಷ್ಟೇ.

ಮರುದಿನ ಬೆಳಿಗ್ಗೆ ಡಿಸ್ಕನ್ನು ಮತ್ತೆ ಕೂರಿಸಲು ಹೋದಾಗ ಅಕ್ಕನ ಮುಖ ನೋಡುವ ಧೈರ್ಯವಿರಲಿಲ್ಲ. "ಅರ್ಧ ಪುಟ ಸಿಕ್ತು ಅಕ್ಕಾ" ಎಂದಷ್ಟೇ ಹೇಳಿ ಡಿಸ್ಕ್ ಕೂರಿಸಿದ. ಅದೇ ಹೊತ್ತಿಗೆ ಒಳಗಿನಿಂದ ಆ ಹಿರಿಯರು ತಾವೇ ನಡೆದು ಬಂದು ಕುರ್ಚಿಯಲ್ಲಿ ಕೂತು ಕಿವಿಯ ಪೆನ್ಸಿಲ್ಲಿಗೆ ಕೈ ಹಾಕಿದರು. ತಲೆ ತಿಳಿಯಾಗಿದೆ! ಅಕ್ಕ ಓಡಿ ಬಂದು ಬಟನ್ ಒತ್ತಿದರು. ನಲವತ್ತು ಸೆಕೆಂಡು. ಪುಟ ಬಂತು.

ಅವರು ಪೆನ್ಸಿಲ್ ಓಡಿಸುತ್ತ ಓದಿದರು, ಕೊನೆಯ ಸಾಲುಗಳನ್ನು ಗಟ್ಟಿಯಾಗಿ: "ನಾನು ಅಚ್ಚುಕೂಟಕ್ಕೆ ಸೇರಿದ ಮೂರನೇ ವರ್ಷ ಹೊಸ ಟೈಪಿಸ್ಟ್ ಒಬ್ಬರು ಬಂದರು. ಮೊದಲ ದಿನ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ..."

ಅಲ್ಲಿಗೆ ಪುಟ ಮುಗಿದಿತ್ತು. ಪೆನ್ಸಿಲ್ ಖಾಲಿ ಜಾಗದಲ್ಲಿ ಕೆಳಗೆ ಹೋಯಿತು, ಮೇಲೆ ಬಂತು, ಮತ್ತೆ ಕೆಳಗೆ ಹೋಯಿತು. ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ನಡುಗುತ್ತಿದ್ದ ಆಕೆಯ ಕೈಯನ್ನು ನೋಡಿದರು.

"ಹೊಸದಾಗಿ ಬಂದ ಟೈಪಿಸ್ಟ್ ನೀವೇನಾ?"

ಅಕ್ಕ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು.

"ಹೌದು ಸಾರ್. ಇವತ್ತೇ ಸೇರಿದ್ದು."

"ಹೆದರಬೇಡಿ, ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವು ಬಡೀರಿ."

ಆಕೆ ಪಕ್ಕದಲ್ಲಿ ಕೂತು ಕೀಲಿಗಳ ಮೇಲೆ ಬೆರಳಿಟ್ಟರು. ಅವರು ಹೇಳಲೆಂದು ಬಾಯಿ ತೆರೆದರು. ಮಾತು ಬರಲಿಲ್ಲ. ಕಿಟಕಿಯ ಕಡೆ ನೋಡಿದರು, ಪೆನ್ಸಿಲ್ ನೋಡಿದರು, ಮತ್ತೆ ಕಿಟಕಿಯ ಕಡೆ ನೋಡಿದರು. ಆಕೆ ಬೆರಳು ತೆಗೆಯಲಿಲ್ಲ.